ಶೆಡ್ಡಿನಲ್ಲಿ ಸಿಕ್ಕ ಹಳೇ ಹುಲ್ಲಿನ ಮೋವರ್: ಯಾವುದು, ಎಷ್ಟು ಬಾಳುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಶಿವಮೊಗ್ಗ ಕಡೆಯವರು. ಹೋದ ವರ್ಷ ಪೆನ್ಸಿಲ್ವೇನಿಯಾದ ಒಳನಾಡಿನಲ್ಲಿ ಒಂದು ಹಳೇ ಫಾರ್ಮ್ ಕೊಂಡೆವು. ಬಾರ್ನ್ ಹಿಂದಿನ ಶೆಡ್ಡಿನಲ್ಲಿ ಹುಲ್ಲು ಕೊಯ್ಯುವ ಹಳೇ ಮೋವರ್ ಸಿಕ್ಕಿದೆ. ಎರಡು ದೊಡ್ಡ ಕಬ್ಬಿಣದ ಚಕ್ರ, ಕಬ್ಬಿಣದ ಸೀಟು, ಬಲಗಡೆ ಸುಮಾರು 6 ಅಡಿಯ ಹಲ್ಲಿನ ಪಟ್ಟಿ, ಮುಂದೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಗಿಡ್ಡ ಕಬ್ಬಿಣದ ಕಂಬಿ. ಅಲ್ಲಲ್ಲಿ ಕೆಂಪು ಬಣ್ಣ ಉಳಿದಿದೆ. 'ಮೆಕಾರ್ಮಿಕ್-ಡೀರಿಂಗ್' ಅನ್ನೋ ಅಕ್ಷರ ಕಾಣುತ್ತದೆ. ಒಂದು ಕಡೆ ನಾಲ್ಕಂಕಿ ಸಂಖ್ಯೆ ಇದೆ, ಅದು ಇಸವಿಯಾ? ಗುಜರಿಯವರು 60 ಡಾಲರ್ ಕೊಡ್ತೀವಿ ಅಂದರು. ಆನ್‌ಲೈನ್‌ನಲ್ಲಿ ಇಂಥದ್ದೇ ಒಂದಕ್ಕೆ 1,800 ಡಾಲರ್ ಹಾಕಿದ್ದಾರೆ. ಪಕ್ಕದ ಮನೆಯವರು ಬಣ್ಣ ಹೊಡೆದು ಗೇಟಿನ ಹತ್ತಿರ ನಿಲ್ಲಿಸಿ ಅಂತಾರೆ. ನಮ್ಮ ಹತ್ತಿರ ಚಿಕ್ಕ ಕುಬೋಟಾ ಟ್ರ್ಯಾಕ್ಟರ್ ಇದೆ, 4 ಎಕರೆ ಹುಲ್ಲುಗಾವಲು ಇದೆ. ಇದು ಯಾವ ಮೋವರ್? ಎಷ್ಟು ಬೆಲೆ ಬಾಳುತ್ತದೆ? ಇಟ್ಟುಕೊಳ್ಳೋಣವಾ, ಮಾರೋಣವಾ?

ಉತ್ತರ: ನಮಸ್ಕಾರ. ಒಳ್ಳೇ ವಸ್ತು ಕೈಗೆ ಸಿಕ್ಕಿದೆ. ಗುಜರಿಯವರಿಗೆ ಸದ್ಯಕ್ಕೆ ಬೇಡ ಅಂತ ಹೇಳಿಬಿಡಿ. ಪಕ್ಕದ ಮನೆಯವರ ಮಾತು ಕೇಳಿ ಬಣ್ಣವನ್ನೂ ಹೊಡೆಯಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಇದನ್ನು ಟ್ರ್ಯಾಕ್ಟರ್ ಮೋವರ್ ಅಂತ ತಿಳಿದಿದ್ದೀರಿ. ನೀವು ಬರೆದಿರುವುದನ್ನು ನೋಡಿದರೆ ಇದು ಕುದುರೆಗೆ ಅಂತ ಮಾಡಿದ ಮೋವರ್. ಟ್ರ್ಯಾಕ್ಟರ್ ಆಮೇಲೆ ಬಂತು. ಅಮೆರಿಕದ ಹಳ್ಳಿಗಳಲ್ಲಿ 1940, 50ರ ಹೊತ್ತಿಗೆ ರೈತರು ಕುದುರೆ ಮಾರಿ ಟ್ರ್ಯಾಕ್ಟರ್ ತಂದರು. ಮೋವರ್ ಇನ್ನೂ ಗಟ್ಟಿಯಾಗಿತ್ತು, ಹೊಸದಕ್ಕೆ ಯಾಕೆ ದುಡ್ಡು ಹಾಕಬೇಕು? ಉದ್ದನೆಯ ಮರದ ಮೂಕಿಯನ್ನು ಕತ್ತರಿಸಿದರು, ಇಲ್ಲವೇ ಬಿಚ್ಚಿಟ್ಟರು. ಆ ಜಾಗಕ್ಕೆ ಗಿಡ್ಡ ಕಬ್ಬಿಣದ ಕಂಬಿ ಬೋಲ್ಟ್ ಮಾಡಿ ಟ್ರ್ಯಾಕ್ಟರ್ ಹಿಂದೆ ಕಟ್ಟಿದರು. ಮಗ ಟ್ರ್ಯಾಕ್ಟರ್ ಮೇಲೆ, ಅಪ್ಪ ಮೋವರ್ ಸೀಟಿನ ಮೇಲೆ. ಪಟ್ಟಿ ಎತ್ತಿ ಇಳಿಸುವ ಲಿವರ್ ಸೀಟಿನ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಒಬ್ಬರು ಕೂರಲೇಬೇಕಿತ್ತು.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಹಲ್ಲಿನ ಪಟ್ಟಿಯೊಳಗಿನ ಚಾಕುವನ್ನು ಓಡಿಸುವ ಶಕ್ತಿ ಎಲ್ಲಿಂದ ಬರುತ್ತದೆ ಅಂತ ನೋಡಿ. ಟ್ರ್ಯಾಕ್ಟರಿಗೆ ಅಂತಲೇ ಮಾಡಿದ ಮೋವರ್‌ನಲ್ಲಿ ಮುಂಭಾಗದಿಂದ ಒಂದು ಶಾಫ್ಟ್ ಬಂದಿರುತ್ತದೆ, ಅದರಲ್ಲಿ ತಿರುಗುವ ಜಾಯಿಂಟ್ ಇರುತ್ತದೆ. ಅದು ಟ್ರ್ಯಾಕ್ಟರಿನ ಪಿಟಿಒಗೆ, ಅಂದರೆ ಎಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡಲು ಟ್ರ್ಯಾಕ್ಟರ್ ಹಿಂದೆ ಇರುವ ತಿರುಗುವ ಕಂಬಿಗೆ, ಸೇರುತ್ತದೆ, ನಿಮಿಷಕ್ಕೆ 540 ಸುತ್ತು. ಅಂಥ ಮೋವರ್‌ಗಳ ಚಕ್ರ ಚಿಕ್ಕದು, ಎಷ್ಟೋ ಸಲ ರಬ್ಬರ್ ಟೈರಿನದು. ಭಾರ ಹೊರುವುದಷ್ಟೇ ಅವುಗಳ ಕೆಲಸ.

ಕುದುರೆಯ ಮೋವರ್‌ನಲ್ಲಿ ಶಾಫ್ಟ್ ಇಲ್ಲ. ಚಕ್ರಗಳೇ ಎಂಜಿನ್. ಚಕ್ರದ ಸುತ್ತಲೂ ಅಡ್ಡಡ್ಡ ಕಬ್ಬಿಣದ ಏಣುಗಳಿರುತ್ತವೆ, ನೆಲ ಕಚ್ಚಿ ಹಿಡಿಯಲಿಕ್ಕೆ. ಚಕ್ರ ತಿರುಗಿದರೆ ನಡುವಿನ ಗೇರ್ ತಿರುಗುತ್ತದೆ. ಅಲ್ಲಿಂದ ಮುಂದಿನ ಚಿಕ್ಕ ಫ್ಲೈವೀಲ್, ಅದಕ್ಕೆ ಸಿಕ್ಕಿಸಿದ ಉದ್ದನೆಯ ಮರದ ಕೋಲು. ಆ ಕೋಲಿನ ಹೆಸರು ಪಿಟ್‌ಮನ್. ಫ್ಲೈವೀಲಿನ ಸುತ್ತಾಟವನ್ನು ಚಾಕುವಿನ ಹಿಂದೆ ಮುಂದೆ ಓಡಾಟವಾಗಿ ಬದಲಿಸುವುದು ಅದೇ. ಅದನ್ನು ಮರದಲ್ಲೇ ಮಾಡುವುದಕ್ಕೆ ಕಾರಣವಿದೆ. ಚಾಕುವಿಗೆ ಕಲ್ಲೋ ತಂತಿಯೋ ಸಿಕ್ಕಿ ಗಪ್ಪಂತ ನಿಂತರೆ ಮೊದಲು ಕೋಲು ಮುರಿಯುತ್ತದೆ, ದುಬಾರಿ ಗೇರ್ ಉಳಿಯುತ್ತದೆ.

ಇನ್ನೊಂದು ಪರೀಕ್ಷೆ. ಮೋವರ್ ಅಲುಗಾಡುವ ಸ್ಥಿತಿಯಲ್ಲಿದ್ದರೆ ಅರ್ಧ ಅಡಿ ಹಿಂದಕ್ಕೆ ತಳ್ಳಿ. ಚಕ್ರದ ಗುಂಬದೊಳಗಿಂದ ಟಿಕ್ ಟಿಕ್ ಸದ್ದು ಬಂದರೆ ಅದು ನೆಲದಿಂದ ಓಡುವ ಮೋವರ್ ಅಂತ ಖಾತ್ರಿ. ಮುಂದೆ ಹೋದಾಗ ಮಾತ್ರ ಹಲ್ಲು ಕಚ್ಚುವ ಹಾಗೆ ಒಳಗೆ ಕೊಕ್ಕೆಗಳಿವೆ. ಆದರೆ ಇದಕ್ಕೆ ಮೊದಲು ಗೇರ್ ಬಿಡಿಸುವ ಪೆಡಲ್ ಅಥವಾ ಲಿವರ್ ಹುಡುಕಿ ಗೇರ್ ಬಿಡಿಸಿ. ಗೇರ್ ಹಾಕಿಯೇ ಇದ್ದರೆ ಮೋವರ್ ಅನ್ನು ಕೈಯಲ್ಲಿ ತಳ್ಳಿದರೂ ಚಾಕು ಓಡುತ್ತದೆ. ಎಂಜಿನ್ ಇಲ್ಲ ಅಂತ ಜನ ಧೈರ್ಯವಾಗಿ ಹಲ್ಲಿನ ನಡುವೆ ಬೆರಳಿಡುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಮಕ್ಕಳಿದ್ದರೆ ಪಟ್ಟಿಗೆ ಹಲಗೆ ಕಟ್ಟಿ ಮುಚ್ಚಿಬಿಡಿ.

ಈಗ ಹೆಸರಿನ ವಿಷಯ. ಮೆಕಾರ್ಮಿಕ್ ಮತ್ತು ಡೀರಿಂಗ್ ಒಂದು ಕಾಲಕ್ಕೆ ಎದುರಾಳಿ ಕಂಪನಿಗಳು. 1902ರಲ್ಲಿ ಇನ್ನೂ ಕೆಲವು ಕಂಪನಿಗಳ ಜೊತೆ ಸೇರಿ ಷಿಕಾಗೋದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಆದವು. ಆದರೂ ತುಂಬಾ ವರ್ಷ ಎರಡು ಹೆಸರಲ್ಲಿ ಬೇರೆ ಬೇರೆ ಮೋವರ್ ಬರುತ್ತಿದ್ದವು. ಒಂದೇ ಊರಲ್ಲಿ ಒಬ್ಬ ಮೆಕಾರ್ಮಿಕ್ ಡೀಲರ್, ಒಬ್ಬ ಡೀರಿಂಗ್ ಡೀಲರ್. ಏಕಸ್ವಾಮ್ಯದ ಕೇಸು ನಡೆದು 1918ರಲ್ಲಿ ರಾಜಿಯಾದಾಗ ಒಂದು ಊರಿಗೆ ಒಬ್ಬನೇ ಡೀಲರ್ ಅಂತ ತೀರ್ಮಾನವಾಯಿತು. ಎರಡು ಸಾಲು ಸರಕು ಮಾಡುವುದರಲ್ಲಿ ಅರ್ಥವಿಲ್ಲದೆ ಹೋಯಿತು. 1920ರ ದಶಕದಲ್ಲಿ ಎರಡೂ ಹೆಸರು ಜೋಡಿಸಿದ ಮೋವರ್ ಬಂತು. 40ರ ದಶಕದ ಕೊನೆಯ ಹೊತ್ತಿಗೆ 'ಡೀರಿಂಗ್' ಬಿಟ್ಟುಹೋಯಿತು. ಹಾಗಾಗಿ ಜೋಡಿ ಹೆಸರು ಕಂಡರೆ ಸುಮಾರಾಗಿ ಆ ಎರಡು ದಶಕಗಳ ನಡುವಿನ ಮೋವರ್ ಅಂತ ಹಿಡಿಯಬಹುದು.

ನಾಲ್ಕಂಕಿಯ ಸಂಖ್ಯೆ ಇಸವಿ ಅಲ್ಲ. ಅದು ಆ ಬಿಡಿಭಾಗದ ನಂಬರು. ಎರಕ ಹೊಯ್ಯುವಾಗಲೇ ಪ್ರತಿ ತುಂಡಿನ ಮೇಲೂ ಅದರ ನಂಬರು ಮೂಡಿರುತ್ತದೆ, ರೈತ ಡೀಲರ್ ಹತ್ತಿರ ಹೋಗಿ ಅದನ್ನೇ ಹೇಳಿ ಬದಲಿ ತರುತ್ತಿದ್ದ. ತುಂಬಾ ಜನ ಇದನ್ನು ಇಸವಿ ಅಂತ ನಂಬಿ ಮೋವರಿನ ವಯಸ್ಸು ಮೂವತ್ತು ನಲವತ್ತು ವರ್ಷ ಏರಿಸಿಬಿಡುತ್ತಾರೆ. ಕೆಲವು ಹಳೇ ಮೋವರ್‌ಗಳಲ್ಲಿ ಪೇಟೆಂಟ್ ದಿನಾಂಕಗಳೇ ಇರುತ್ತವೆ. ಅವೂ ಸಹ ಅದಕ್ಕಿಂತ ಹಿಂದಿನದಲ್ಲ ಅಂತ ಮಾತ್ರ ಹೇಳುತ್ತವೆ. ಅದೇ ಪೇಟೆಂಟಿನ ಮೇಲೆ ಎಷ್ಟೋ ವರ್ಷ ಮಾಡುತ್ತಲೇ ಇದ್ದರು.

ಮಾಡೆಲ್ ಯಾವುದು ಅಂತ ತಿಳಿಯಲು ನಡುವಿನ ಗೇರ್ ಭಾಗ ನೋಡಿ. ಬಿಗ್ 6 ಅನ್ನೋ ಹಳೇ ಮಾಡೆಲ್‌ನಲ್ಲಿ ಗೇರ್ ತೆರೆದೇ ಇರುತ್ತದೆ, ಧೂಳು ತಿನ್ನುತ್ತದೆ, ಕೈಯಲ್ಲೇ ಎಣ್ಣೆ ಬಿಡಬೇಕು. 1929ರಲ್ಲಿ ಬಂದ ನಂಬರ್ 7ರಲ್ಲಿ ಗೇರ್ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಸೇರಿ ಎಣ್ಣೆಯಲ್ಲಿ ಮುಳುಗಿ ಓಡಲು ಶುರುವಾಯಿತು. 1939ರಲ್ಲಿ ನಂಬರ್ 9 ಬಂತು. ಕುದುರೆ ಮೋವರ್‌ಗಳಲ್ಲಿ ಇದೇ ಅಂತಿಮ ಅಂದರೆ ತಪ್ಪಿಲ್ಲ, ಇಷ್ಟು ಗಟ್ಟಿಯಾದದ್ದು ಕಡಿಮೆ. ನಿಮ್ಮದರ ಗೇರ್ ಮುಚ್ಚಿದ್ದರೆ 7 ಅಥವಾ 9. ಚೌಕಟ್ಟು, ಗೇರ್ ಪೆಟ್ಟಿಗೆ, ಲಿವರ್ ಬುಡ, ಎಲ್ಲದರ ಮಣ್ಣು ಜಿಡ್ಡು ವೈರ್ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಸೀಮೆಸುಣ್ಣದ ಕಡ್ಡಿಯನ್ನು ಅಡ್ಡಲಾಗಿ ಸವರಿದರೆ ಸವೆದ ಅಕ್ಷರವೂ ಮೇಲೆದ್ದು ಕಾಣುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ, ಆದ್ದರಿಂದ ಒಣಗಿದ್ದಾಗ ಉಜ್ಜಬೇಡಿ, ಒದ್ದೆ ಮಾಡಿಕೊಂಡು ಮಾಸ್ಕ್ ಹಾಕಿ ಉಜ್ಜಿ. ಮಾಡೆಲ್ ನಂಬರು ಸಿಗದೇ ಹೋದರೆ ದೊಡ್ಡ ತುಂಡುಗಳ ಭಾಗದ ನಂಬರು ಬರೆದುಕೊಳ್ಳಿ. ಈ ಕಂಪನಿಯ ಹಳೇ ದಾಖಲೆಗಳು ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ, ಬಿಡಿಭಾಗಗಳ ಪುಸ್ತಕದ ಮರುಮುದ್ರಣವೂ ಮಾರಾಟಕ್ಕೆ ಸಿಗುತ್ತದೆ. ನಂಬರು ತಾಳೆ ನೋಡಿದರೆ ಅನುಮಾನವೇ ಉಳಿಯುವುದಿಲ್ಲ.

ಇನ್ನು ಬೆಲೆ. ಹಳೆಯದು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಇಂಥ ಮೋವರ್ ಲಕ್ಷಗಟ್ಟಲೆ ತಯಾರಾಗಿವೆ, ಅಪರೂಪದ್ದೇನಲ್ಲ. ಇದನ್ನು ನಾಳೆ ಹೊಲಕ್ಕೆ ಇಳಿಸುವವರು ಇದ್ದಾರಾ, ಇಳಿಸಲು ಅವರು ಎಷ್ಟು ಖರ್ಚು ಮಾಡಬೇಕು, ಈ ಎರಡೇ ಬೆಲೆ ಕಟ್ಟುತ್ತವೆ. ನಿಮ್ಮ ಅದೃಷ್ಟಕ್ಕೆ ಮೊದಲನೆಯದಕ್ಕೆ ಉತ್ತರ ನಿಮ್ಮ ರಾಜ್ಯದಲ್ಲೇ ಇದೆ. ಲ್ಯಾಂಕಾಸ್ಟರ್ ಕೌಂಟಿಯ ಆಮಿಶ್ ಅನ್ನೋ ಕ್ರೈಸ್ತ ಪಂಥದ ರೈತರು ಇವತ್ತಿಗೂ ಕುದುರೆ, ಹೇಸರಗತ್ತೆ ಕಟ್ಟಿ ಬೇಸಾಯ ಮಾಡುತ್ತಾರೆ. ನಂಬರ್ 9 ಅಂದರೆ ಅವರಲ್ಲಿ ಕೆಲವರಿಗೆ ಈಗಲೂ ಕೆಲಸದ ಮೋವರ್. ಅದನ್ನು ಬಿಚ್ಚಿ ಹೊಸದರಂತೆ ಮಾಡಿಕೊಡುವ ವರ್ಕ್‌ಶಾಪುಗಳೂ ಆ ಕಡೆ ಇವೆ. ಬಿಡಿಭಾಗ ಸಿಗುತ್ತದೆ ಅಂದಮೇಲೆ ಗಿರಾಕಿ ಇದ್ದಾನೆ.

ಎರಡನೆಯ ಪ್ರಶ್ನೆ ಪೂರ್ತಿ ಆ 6 ಅಡಿ ಪಟ್ಟಿಯ ಮೇಲೆ ನಿಂತಿದೆ. ಅದರ ಮುಂದೆ ಕೂತು ನಿಧಾನವಾಗಿ ನೋಡಿ.

ಮುಂದಕ್ಕೆ ಚಾಚಿದ ಈಟಿಯಂಥ ತುಂಡುಗಳು ಗಾರ್ಡ್. ಒಂದರಿಂದ ಇನ್ನೊಂದಕ್ಕೆ 3 ಇಂಚು, 6 ಅಡಿಗೆ ಸುಮಾರು 24. ಅವುಗಳ ನಡುವೆ ಓಡುವ ಚಾಕುವಿಗೆ ತ್ರಿಕೋನದ ಅಲಗುಗಳನ್ನು ರಿವೆಟ್ ಮಾಡಿರುತ್ತಾರೆ. ಇವಕ್ಕೆ ಸೆಕ್ಷನ್ ಅಂತಾರೆ. ಪ್ರತಿ ಗಾರ್ಡಿನ ಒಳಗೂ ಒಂದು ಚಿಕ್ಕ ಉಕ್ಕಿನ ಬಿಲ್ಲೆ ಇರುತ್ತದೆ, ಅದು ಲೆಡ್ಜರ್ ಪ್ಲೇಟ್. ಹುಲ್ಲು ತುಂಡಾಗುವುದು ಸೆಕ್ಷನ್ ಮತ್ತು ಈ ಪ್ಲೇಟ್ ನಡುವೆ, ಕತ್ತರಿಯ ಎರಡು ಅಲಗಿನ ಹಾಗೆ. ಎಲ್ಲರೂ ಮೇಲಿನ ಸೆಕ್ಷನ್ ಮಸೆದು ಸುಮ್ನಾಗುತ್ತಾರೆ. ಕೆಳಗಿನ ಪ್ಲೇಟ್ ಅಂಚು ದುಂಡಗಾಗಿದ್ದರೆ ಎಷ್ಟು ಮಸೆದರೂ ಹುಲ್ಲು ಬಗ್ಗಿ ಜಾರುತ್ತದೆ, ತುಂಡಾಗುವುದಿಲ್ಲ. ಗಾರ್ಡ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಅಂಚು ಚೂಪಾಗಿ, ಸಣ್ಣ ಗರಗಸದ ಹಲ್ಲು ಕಂಡರೆ ಒಳ್ಳೆಯದು. ಹೊಳಪಾಗಿ ನುಣ್ಣಗಿದ್ದರೆ ಸವೆದಿದೆ.

ಆಮೇಲೆ ಪಟ್ಟಿಯ ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಗಾರ್ಡುಗಳ ಸಾಲು ನೋಡಿ. ಎಲ್ಲವೂ ಒಂದೇ ಗೆರೆಯಲ್ಲಿರಬೇಕು. ಒಂದೆರಡು ಸೊಟ್ಟಗಿದ್ದರೆ ತಟ್ಟಿ ಸರಿ ಮಾಡಬಹುದು. ಪಟ್ಟಿಯೇ ಬಾಗಿದ್ದರೆ ಬೆಲೆ ಅಲ್ಲೇ ಅರ್ಧ ಇಳಿಯಿತು. ಚಾಕುವನ್ನು ಮೇಲಿಂದ ಒತ್ತಿ ಹಿಡಿಯುವ ಕ್ಲಿಪ್‌ಗಳು, ಅದರ ಬೆನ್ನಿಗೆ ಆಸರೆಯಾದ ಪ್ಲೇಟ್‌ಗಳು ಎಲ್ಲ ಇವೆಯಾ ಅಂತಲೂ ಎಣಿಸಿ.

ಒಂದು ಲೆಕ್ಕ ಹಾಕೋಣ. ಗಾರ್ಡ್ ಒಂದಕ್ಕೆ 15 ಡಾಲರ್ ಅಂತ ಹಿಡಿದರೆ 24ಕ್ಕೆ 360. ಸೆಕ್ಷನ್ ಒಂದಕ್ಕೆ 3 ಡಾಲರ್ ಅಂದರೆ 72. ಕ್ಲಿಪ್, ಪ್ಲೇಟ್, ಪಿಟ್‌ಮನ್, ಬೋಲ್ಟ್ ಸೇರಿದರೆ 500 ದಾಟಿತು, ಕೂಲಿ ಬೇರೆ. ಪಟ್ಟಿ ಪೂರ್ತಿ ಹಾಳಾಗಿದ್ದರೆ ಕೊಳ್ಳುವವನು ಇಷ್ಟನ್ನೂ ಮನಸ್ಸಿನಲ್ಲೇ ಕಳೆದು ನಿಮಗೆ ಬೆಲೆ ಹೇಳುತ್ತಾನೆ. ಪಟ್ಟಿ ಚೆನ್ನಾಗಿದ್ದರೆ ಅಷ್ಟೂ ನಿಮ್ಮ ಕಡೆಗೆ.

ಗೊತ್ತಿರುವ ಗಿರಾಕಿ ಇನ್ನೊಂದು ಕೆಲಸ ಮಾಡುತ್ತಾನೆ. ಪಟ್ಟಿಯನ್ನು ನೆಲಕ್ಕೆ ಇಳಿಸಿ ಹೊರತುದಿ ಹಿಡಿದು ಹಿಂದೆ ಮುಂದೆ ಎಳೆಯುತ್ತಾನೆ. ಕೀಲುಗಳು ಸವೆದಿದ್ದರೆ ತುದಿ ಧಾರಾಳವಾಗಿ ಓಲಾಡುತ್ತದೆ. ಇದು ಯಾಕೆ ಮುಖ್ಯ ಅಂದರೆ, ಕೊಯ್ಯುವಾಗ ಹುಲ್ಲಿನ ಒತ್ತಡ ಹೊರತುದಿಯನ್ನು ಹಿಂದಕ್ಕೆ ತಳ್ಳುತ್ತದೆ. ಅದಕ್ಕೆಂದೇ ನಿಂತಾಗ ಹೊರತುದಿ ಒಳತುದಿಗಿಂತ ಸ್ವಲ್ಪ ಮುಂದಿರುವಂತೆ ಕೂರಿಸಿರುತ್ತಾರೆ, ಅಡಿಗೆ ಕಾಲು ಇಂಚಿನ ಲೆಕ್ಕ. ನಿಮ್ಮ 6 ಅಡಿಗೆ ಸುಮಾರು ಒಂದೂವರೆ ಇಂಚು ಮುಂದೆ. ಓಡುವಾಗ ಒತ್ತಡಕ್ಕೆ ಅದು ಹಿಂದೆ ಸರಿದು ಚಾಕುವೂ ಪಿಟ್‌ಮನ್ ಕೋಲೂ ನೇರಕ್ಕೆ ಬರುತ್ತವೆ. ಕೀಲು ಸವೆದು ತುದಿ ಹಿಂದೆ ಬಿದ್ದಿದ್ದರೆ ಕೋಲು ಓರೆಯಾಗಿ ದೂಡುತ್ತದೆ. ಚಾಕುವಿನ ತಲೆ ಸವೆಯುತ್ತದೆ, ಕೋಲು ಪದೇ ಪದೇ ಮುರಿಯುತ್ತದೆ. ಹಳೇ ಮೋವರ್ ಬರೀ ಕಾಟ ಕೊಡುತ್ತದೆ ಅನ್ನುವವರ ಅರ್ಧ ದೂರಿಗೆ ಮೂಲ ಇದೇ. ಕೀಲಿನ ಪಿನ್ನು, ಬುಷ್ ಬದಲಿಸಿದರೆ ಸರಿಹೋಗುವ ಸಮಸ್ಯೆ.

ಕೊನೆಯದಾಗಿ ಗೇರ್ ಪೆಟ್ಟಿಗೆಯ ಹೊಟ್ಟೆ. ಮೋವರ್ ಶೆಡ್ಡಿನಲ್ಲಿದ್ದದ್ದು ಒಳ್ಳೆಯದೇ ಆಯಿತು, ಆದರೆ ಅದಕ್ಕೆ ಮೊದಲು ಎಷ್ಟು ವರ್ಷ ಬಯಲಲ್ಲಿ ನಿಂತಿತ್ತೋ. ಮಳೆ ನೀರು ಒಳಗೆ ಇಳಿದು ಎಣ್ಣೆಯ ಕೆಳಗೆ ಸೇರುತ್ತದೆ. ಪೆನ್ಸಿಲ್ವೇನಿಯಾದ ಚಳಿಗೆ ಅದು ಹೆಪ್ಪುಗಟ್ಟಿ ಉಬ್ಬಿದರೆ ಎರಕದ ಪೆಟ್ಟಿಗೆ ತಳದಲ್ಲಿ ಬಿರುಕು ಬಿಡುತ್ತದೆ. ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿ. ಕೂದಲೆಳೆಯ ಬಿರುಕು, ಹಿತ್ತಾಳೆ ಬಣ್ಣದ ಬೆಸುಗೆ, ಎರಡನ್ನೂ ಹುಡುಕಿ. ತಳದ ಪ್ಲಗ್ ಸ್ವಲ್ಪ ಸಡಿಲಿಸಿ. ಮೊದಲು ನೀರು ಬಂದರೆ ಪೂರ್ತಿ ಇಳಿಸಿ, ಹೊಸ ಗೇರ್ ಎಣ್ಣೆ ಹಾಕಿಡಿ. ಈ ಚಳಿಗಾಲಕ್ಕೆ ಮೊದಲೇ ಈ ಕೆಲಸ ಮುಗಿಸಿ, ಮಾರುತ್ತೀರೋ ಇಲ್ಲವೋ ಆಮೇಲಿನ ಮಾತು.

ಚಕ್ರ, ಚಾಕು ಜಾಮ್ ಆಗಿದ್ದರೆ ಸುತ್ತಿಗೆ ಎತ್ತಬೇಡಿ. ಎರಕ ಬಗ್ಗುವುದಿಲ್ಲ, ಸೀಳುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ದಿನಾ ಸ್ವಲ್ಪ ಬಿಡುತ್ತಾ ವಾರಗಟ್ಟಲೆ ಕಾಯಿರಿ. ಚಾಕುವನ್ನು ಮರದ ತುಂಡು ಇಟ್ಟು ಒಳತುದಿಯಿಂದ ಮೆಲ್ಲಗೆ ತಟ್ಟಿದರೆ ಒಂದು ದಿನ ಅಲುಗುತ್ತದೆ.

ಈಗ ಅಂಕಿ. ಗುಜರಿಯವರ 60 ಡಾಲರ್ ಮೋಸ ಅಲ್ಲ, ಅದು ಬರೀ ಕಬ್ಬಿಣದ ತೂಕದ ಬೆಲೆ. 700 ಪೌಂಡ್ ಕಬ್ಬಿಣ, ಪೌಂಡಿಗೆ 8 ಸೆಂಟ್ ಅಂದರೆ 56 ಡಾಲರ್ ಆಗುತ್ತದೆ ನೋಡಿ. ಆನ್‌ಲೈನ್‌ನ 1,800 ಡಾಲರ್ ಕೇಳಿರುವ ಬೆಲೆ, ಹೋದ ಬೆಲೆ ಅಲ್ಲ. ಅದೂ ಬಹುಶಃ ಬಿಚ್ಚಿ ಹೊಸ ಪಟ್ಟಿ ಹಾಕಿ ಕೆಲಸಕ್ಕೆ ತಯಾರು ಮಾಡಿದ ಮೋವರ್ ಇರಬೇಕು. ಅಂಥದ್ದಕ್ಕೆ ಆ ಬೆಲೆ ನ್ಯಾಯವೇ. ನಿಮ್ಮದಕ್ಕೆ ನನ್ನ ಅಂದಾಜು ಹೀಗಿದೆ. ಜಾಮ್ ಆಗಿ, ಪಟ್ಟಿ ಕೆಟ್ಟಿದ್ದರೆ 100ರಿಂದ 200 ಡಾಲರ್. ಎಲ್ಲ ಭಾಗ ಇದ್ದು, ಸಲೀಸಾಗಿ ತಿರುಗಿ, ಪಟ್ಟಿ ನೇರವಾಗಿದ್ದು, ನಂಬರ್ 9 ಅಂತ ಖಾತ್ರಿಯಾದರೆ 350ರಿಂದ 600. ನಂಬರ್ 7 ಆದರೆ ಸ್ವಲ್ಪ ಕಡಿಮೆ. ಗೇರ್ ಪೆಟ್ಟಿಗೆ ಒಡೆದಿದ್ದರೆ ಬಿಡಿಭಾಗದ ಬೆಲೆ ಅಷ್ಟೇ, ಆದರೂ ಗುಜರಿಗಿಂತ ಮೇಲು. ಚಕ್ರ, ಸೀಟು, ಪಟ್ಟಿ ಬಿಡಿಯಾಗಿಯೂ ಹೋಗುತ್ತವೆ.

ಬೆಲೆ ಏರಿಸುವ ಸಾಮಾನು ನಿಮ್ಮ ಬಾರ್ನ್‌ನಲ್ಲೇ ಇರಬಹುದು. ತಲೆ ಎತ್ತಿ ನೋಡಿ. ಹಳೇ ರೈತರು ಒಂದು ಚಾಕು ಓಡುತ್ತಿರುವಾಗ ಇನ್ನೊಂದನ್ನು ಮಸೆದು ತೊಲೆಯ ಮೇಲೆ ಇಡುತ್ತಿದ್ದರು. 6 ಅಡಿ ಉದ್ದದ, ತ್ರಿಕೋನ ಹಲ್ಲಿನ ಪಟ್ಟಿ ಸಿಕ್ಕರೆ ಅದೇ. ಅಟ್ಟದಲ್ಲಿ ಉದ್ದನೆಯ ಮರದ ಮೂಕಿ, ಕುದುರೆ ಕಟ್ಟುವ ಅಡ್ಡಮರಗಳು ಇದ್ದರೆ ಇನ್ನೂ ಒಳ್ಳೆಯದು, ಕುದುರೆ ರೈತನಿಗೆ ಮೊದಲು ಬೇಕಾದದ್ದೇ ಅದು. ಪಟ್ಟಿಯ ಹೊರತುದಿಗೆ ಸಿಕ್ಕಿಸುವ ಮರದ ಹಲಗೆಯೂ ಇರುತ್ತದೆ, ಕೊಯ್ದ ಹುಲ್ಲನ್ನು ಒಳಗೆ ಸರಿಸಿ ಮುಂದಿನ ಸುತ್ತಿಗೆ ದಾರಿ ಮಾಡುವುದು ಅದರ ಕೆಲಸ. ಸೌದೆ ಅಂತ ಒಲೆಗೆ ಹಾಕಿಬಿಡಬೇಡಿ.

ಬಣ್ಣ ಬೇಡ ಅಂದದ್ದು ಇದಕ್ಕೇ. ಹೊಸ ಬಣ್ಣದ ಕೆಳಗೆ ಬಿರುಕು, ಬೆಸುಗೆ ಎಲ್ಲ ಅಡಗುತ್ತದೆ. ತಿಳಿದವರು ಅನುಮಾನದಿಂದ ನೋಡಿ ಬೆಲೆ ಇಳಿಸುತ್ತಾರೆ. ಉಳಿದಿರುವ ಆ ಚೂರು ಕೆಂಪು ಬಣ್ಣವೇ ನಿಮ್ಮ ಪರವಾಗಿ ಮಾತಾಡುತ್ತದೆ.

ಇಟ್ಟುಕೊಳ್ಳಬೇಕಾ? ನಿಮ್ಮ 4 ಎಕರೆಗೆ ಕುಬೋಟಾ ಹಿಂದೆ ಇದನ್ನು ಕಟ್ಟುವುದು ನನಗೆ ಒಪ್ಪಿಗೆ ಇಲ್ಲ. ಈ ಗೇರ್‌ಗಳ ಲೆಕ್ಕವೆಲ್ಲ ಕುದುರೆಯ ನಡಿಗೆಗೆ. ಟ್ರ್ಯಾಕ್ಟರ್ ಸ್ವಲ್ಪ ಜೋರಾದರೆ ಚಾಕುವೂ ಅಷ್ಟೇ ಜೋರಾಗುತ್ತದೆ, ಮೊದಲು ಪಿಟ್‌ಮನ್, ಆಮೇಲೆ ಗೇರ್ ಹೋಗುತ್ತದೆ. ಸೀಟಿನಲ್ಲಿ ಕೂತವರು ಆಯ ತಪ್ಪಿದರೆ ಓಡುವ ಪಟ್ಟಿಯ ಮುಂದೆಯೇ ಬೀಳುತ್ತಾರೆ, ಮುಂದೆ ಟ್ರ್ಯಾಕ್ಟರ್ ಓಡಿಸುವವರಿಗೆ ತಕ್ಷಣ ಗೊತ್ತೂ ಆಗುವುದಿಲ್ಲ. ನಿಮಗೆ ಬೇಕಿರುವುದು ಮೂರು ಪಾಯಿಂಟ್ ಹಿಚ್‌ಗೆ (ಟ್ರ್ಯಾಕ್ಟರ್ ಹಿಂದಿನ ಮೂರು ಕೊಂಡಿಗಳಿಗೆ) ಕೂರುವ, ಪಿಟಿಒದಿಂದ ಓಡುವ ಚಿಕ್ಕ ಮೋವರ್. ನಿಮ್ಮ ಟ್ರ್ಯಾಕ್ಟರಿನ ತೂಕ, ಅಶ್ವಶಕ್ತಿಗೆ ಹೊಂದುವುದನ್ನು ನೋಡಿ ತೆಗೆದುಕೊಳ್ಳಿ.

ಹಾಗಾಗಿ ಮಾರಿ, ಅದೂ ಬಳಸುವವರಿಗೆ ಮಾರಿ. ಲ್ಯಾಂಕಾಸ್ಟರ್ ಕಡೆ ಚಳಿಗಾಲ ಕಳೆಯುವ ಹೊತ್ತಿಗೆ, ಫೆಬ್ರವರಿ ಕೊನೆಯಿಂದ, 'ಮಡ್ ಸೇಲ್' ಅನ್ನೋ ಹರಾಜುಗಳು ಶುರುವಾಗುತ್ತವೆ. ಊರಿನ ಅಗ್ನಿಶಾಮಕ ದಳಕ್ಕೆ ಹಣ ಕೂಡಿಸಲು ನಡೆಸುತ್ತಾರೆ. ಮಂಜು ಕರಗಿ ನೆಲ ಕೆಸರಾಗಿರುವ ಕಾಲವಾದ್ದರಿಂದ ಆ ಹೆಸರು. ಕೌದಿ, ಕುದುರೆ, ಬೇಸಾಯದ ಸಾಮಾನು ಎಲ್ಲ ಹರಾಜಾಗುತ್ತದೆ. ಕೊಯ್ಲಿಗೆ ಇನ್ನೂ ಸಮಯ ಇರುವುದರಿಂದ ಮೋವರ್ ಹುಡುಕುವವರು ಆಗಲೇ ಬರುತ್ತಾರೆ. ಹೋಗುವ ಮೊದಲು ಫೋನ್ ಮಾಡಿ ಅವರು ಸರಕು ಯಾವಾಗ ತೆಗೆದುಕೊಳ್ಳುತ್ತಾರೆ, ಕಮಿಷನ್ ಎಷ್ಟು ಅಂತ ಕೇಳಿಕೊಳ್ಳಿ. ಹರಾಜು ಬೇಡ ಅಂದರೆ ಮೋವರ್ ರಿಪೇರಿ ವರ್ಕ್‌ಶಾಪಿಗೇ ನೇರ ತೋರಿಸಬಹುದು. ಬೆಲೆ ಸ್ವಲ್ಪ ಕಡಿಮೆ ಬರಬಹುದು, ಆದರೆ ಅವರು ಬಂದು ತೆಗೆದುಕೊಂಡು ಹೋಗುವ ಸಾಧ್ಯತೆ ಇರುತ್ತದೆ.

ಟ್ರೇಲರ್‌ಗೆ ಏರಿಸುವಾಗ ಗೇರ್ ಬಿಡಿಸಿ, ಚಾಕುವನ್ನು ಹೊರಗೆಳೆದು ಗೋಣಿತಾಟಿನಲ್ಲಿ ಸುತ್ತಿ ಬೇರೆ ಇಡಿ. ಪಟ್ಟಿಯನ್ನು ಮೇಲೆತ್ತಿ ಅದರ ಕಂಬಿಗೆ ಸಿಕ್ಕಿಸಿ, ಮೇಲೊಂದು ಸರಪಳಿ ಬಿಗಿಯಿರಿ. ಬರೀ ಕೊಕ್ಕೆ ನಂಬಬೇಡಿ. ಮುಂದಿನ ಪತ್ರದಲ್ಲಿ ನಾಲ್ಕು ಫೋಟೋ ಕಳಿಸಿ: ಗೇರ್ ಪೆಟ್ಟಿಗೆ ಮೇಲಿಂದ, ಅದರ ತಳ, ಪಟ್ಟಿಯ ತುದಿಯಿಂದ ಕಾಣುವ ಗಾರ್ಡ್ ಸಾಲು, ಒಂದು ಗಾರ್ಡಿನ ಒಳಗೆ ಟಾರ್ಚ್ ಬಿಟ್ಟು ತೆಗೆದ ಲೆಡ್ಜರ್ ಪ್ಲೇಟ್. ಅವನ್ನು ನೋಡಿದ ಮೇಲೆ 100 ಡಾಲರಿನ ಮೋವರೋ 600 ಡಾಲರಿನದೋ ಅಂತ ಗಟ್ಟಿಯಾಗಿ ಹೇಳುತ್ತೇನೆ.